ಬರೀ ಹೆಸರಿರುವ ಹತ್ತು ಅಡುಗೆಗಳು

ಪುಸ್ತಕದಂಗಡಿಯಲ್ಲಿ ಅಡುಗೆಯ ಕಪಾಟಿನ ಮುಂದೆ ನಿಂತರೆ ಈಗ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ಕಾಲದಲ್ಲಿ ಮನೆಗೊಂದು ಅಡುಗೆ ಪುಸ್ತಕ ಇದ್ದರೆ ಹೆಚ್ಚು. ತಿಳಿಸಾರಿನಿಂದ ಚಿರೋಟಿಯವರೆಗೆ ಎಲ್ಲವೂ ಅದರಲ್ಲೇ. ಈಗ ಸಿರಿಧಾನ್ಯಕ್ಕೇ ಒಂದು, ಸೊಪ್ಪಿಗೇ ಒಂದು, ಹಲಸಿಗೇ ಒಂದು. ಪದಾರ್ಥ ಬಿಟ್ಟು ವಿಧಾನಕ್ಕೆ ಬಂದರೆ ಹಬೆಯಲ್ಲಿ ಬೇಯಿಸುವುದಕ್ಕೊಂದು, ಮೈಕ್ರೊವೇವ್‌ಗೊಂದು, ಏರ್‌ಫ್ರೈಯರ್‌ಗೊಂದು. ‘ಒಂದು ಬದನೆಕಾಯಿಗೆ ಇಷ್ಟು ದಪ್ಪದ ಪುಸ್ತಕವೇ?’ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಇದು ಹೊಸ ಹುಚ್ಚೂ ಅಲ್ಲ.

ಜಪಾನಿನ ಒಸಾಕದಲ್ಲಿ 1782ರಲ್ಲಿ ಒಂದು ಪುಸ್ತಕ ಹೊರಬಂತು. ಹೆಸರು ‘ತೋಫು ಹ್ಯಾಕುಚಿನ್’. ತೋಫುವಿನ ನೂರು ವಿಶೇಷಗಳು ಎಂದು ಅರ್ಥ. ತೋಫು ಎಂದರೆ ಸೋಯಾ ಕಾಳಿನ ಹಾಲನ್ನು ಒಡೆಸಿ ಗಟ್ಟಿ ಮಾಡಿದ್ದು. ನೋಡಲು ನಮ್ಮ ಪನೀರಿನ ಹಾಗೆ. ಬಾಯಿಗಿಟ್ಟರೆ ಹೆಚ್ಚುಕಡಿಮೆ ಸಪ್ಪೆ. ಆ ಸಪ್ಪೆ ಪದಾರ್ಥದಿಂದ ಒಬ್ಬ ಲೇಖಕ ಗುಪ್ತನಾಮದಲ್ಲಿ ನೂರು ಅಡುಗೆ ಬರೆದ. ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಮರುವರ್ಷವೇ ಎರಡನೆಯ ಭಾಗ ಬಂತು. ಆಮೇಲೆ ಸಾಲು ಹಿಡಿದವು: 1785ರಲ್ಲಿ ಮೂಲಂಗಿಗೆ, ಅದೇ ವರ್ಷ ಮೊಟ್ಟೆಗೆ, 1789ರಲ್ಲಿ ಗೆಣಸಿಗೆ.

ನನಗೆ ಹಿಡಿಸಿದ್ದು ಆ ನೂರನ್ನು ಅವನು ವಿಂಗಡಿಸಿದ ಕ್ರಮ. ದಿನನಿತ್ಯದವು 26. ಎಲ್ಲರಿಗೂ ಗೊತ್ತಿರುವವು 10. ಅದಕ್ಕಿಂತ ಸೊಗಸಿನವು 20. ನೋಡಿದವರು ಬೆರಗಾಗುವಂಥವು 19. ನೋಟವೂ ರುಚಿಯೂ ಕೂಡಿದವು 18. ಕೊನೆಗೆ, ಮೀರಿಸಲಾಗದವು 7. ಮಕ್ಕಳೇ, ಕೂಡಿ ನೋಡಿ. ಸರಿಯಾಗಿ ನೂರು. ಬ್ಯಾಂಕಿನ ಗುಮಾಸ್ತನಾಗಿದ್ದವನಿಗೆ ಲೆಕ್ಕ ತಾಳೆಯಾದರೆ ಆಗುವ ಸಂತೋಷ ಬೇರೆಯೇ.

ಮೀರಿಸಲಾಗದ ಆ ಏಳರಲ್ಲಿ ಭಾರಿ ಮಸಾಲೆಯ ಅಡುಗೆಯೇ ಇರಬೇಕು ಎಂದುಕೊಳ್ಳುತ್ತೇವಲ್ಲವೇ? ಅಲ್ಲಿರುವ ‘ಯುಯಾಕ್ಕೊ’ ಎಂಬುದನ್ನು ನೋಡಿ. ಒಂದು ಗೆಡ್ಡೆಯ ಹಿಟ್ಟು, ನಮ್ಮ ಕೂವೆ ಹಿಟ್ಟಿನಂಥದು, ಅದನ್ನು ಕದಡಿದ ನೀರನ್ನು ಕೊತಕೊತ ಕುದಿಸಬೇಕು. ತೋಫುವಿನ ತುಂಡುಗಳನ್ನು ಅದಕ್ಕೆ ಬಿಟ್ಟು, ಮುಚ್ಚಳ ಮುಚ್ಚದೆ ನೋಡುತ್ತ ನಿಲ್ಲಬೇಕು. ತುಂಡು ಸ್ವಲ್ಪ ಅಲುಗಾಡಿ ಇನ್ನೇನು ಮೇಲೇಳಬೇಕು ಎನ್ನುವಾಗ ತೆಗೆಯಬೇಕು. ತೇಲಿತೋ, ಹದ ತಪ್ಪಿತು. ಅಷ್ಟೇ ಅಡುಗೆ! ಖರ್ಚೆಲ್ಲ ಕಣ್ಣಿನದು. ಒಂದೇ ಪದಾರ್ಥವನ್ನು ನೂರು ಸಲ ನೋಡಿದವನಿಗೆ ಮಾತ್ರ ತೇಲುವುದಕ್ಕೂ ತೇಲುವ ಮುಂಚಿನ ಗಳಿಗೆಗೂ ಇರುವ ವ್ಯತ್ಯಾಸ ಕಂಡೀತು. ಎಲ್ಲ ಅಡುಗೆಯನ್ನೂ ತುಂಬಿಕೊಂಡ ದಪ್ಪ ಪುಸ್ತಕಕ್ಕೆ ಇಷ್ಟು ಹೊತ್ತು ಒಂದೇ ಪಾತ್ರೆಯ ಮುಂದೆ ನಿಲ್ಲುವ ವ್ಯವಧಾನ ಎಲ್ಲಿದೆ?

ಮೊಟ್ಟೆಯ ಪುಸ್ತಕದಲ್ಲೊಂದು ಚಮತ್ಕಾರವಿದೆ. (ಮೊಟ್ಟೆ ತಿನ್ನದ ಮನೆಯವರು ಓದಿ ಬಿಟ್ಟರೆ ಸಾಕು, ನಾವೂ ಅಷ್ಟೇ.) ಬೇಯಿಸಿದ ಮೊಟ್ಟೆಯಲ್ಲಿ ಹಳದಿ ಹೊರಗೆ, ಬಿಳಿ ಒಳಗೆ! ಹೊಸ ಮೊಟ್ಟೆಗೆ ಸೂಜಿಯಿಂದ ಸಣ್ಣ ತೂತು ಮಾಡಿ, ತೌಡು ಹಾಕಿ ಹುದುಗಿಸಿದ ಉಪ್ಪಿನ ಹದದಲ್ಲಿ ಮೂರು ದಿನ ಹೂತಿಟ್ಟು, ತೊಳೆದು ಬೇಯಿಸಿರಿ ಎನ್ನುತ್ತದೆ ಪುಸ್ತಕ. ಹಳದಿಯನ್ನು ಸುತ್ತಿರುವ ತೆಳು ಪೊರೆ ಚಿಪ್ಪಿನೊಳಗೇ ಹರಿಯಬೇಕು, ಬೇಯುವಾಗ ಮೊಟ್ಟೆ ಉರುಳುತ್ತಲೂ ಇರಬೇಕು. ಆಗ ಹಳದಿ ಹೊರಗೆ ಸರಿಯುತ್ತದೆ. ನಮ್ಮ ಕಾಲದ ಅಡುಗೆ ವಿಜ್ಞಾನಿಗಳೂ ಇದರ ಬೆನ್ನು ಹತ್ತಿ ಪ್ರಯೋಗ ನಡೆಸಿದ್ದಾರೆ.

ಇಂಥ ಪುಸ್ತಕಗಳನ್ನು ಓದುತ್ತಿದ್ದವರು ಬಾಣಸಿಗರಷ್ಟೇ ಅಲ್ಲ. ಮರದ ಅಚ್ಚಿನಲ್ಲಿ ಮುದ್ರಣ, ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು, ಓದು ಬಲ್ಲ ಪಟ್ಟಣಿಗರು, ಮೂರೂ ಆಗ ಜಪಾನಿನಲ್ಲಿದ್ದವು. ಕಥೆ ಓದುವ ಹಾಗೆ ಜನ ಅಡುಗೆ ಓದುತ್ತಿದ್ದರು. ಆದರೆ ಇಸವಿಯನ್ನು ಇನ್ನೊಮ್ಮೆ ನೋಡಿ. 1782ರಿಂದ 1788ರವರೆಗೆ ಅಲ್ಲಿ ಭೀಕರ ಕ್ಷಾಮ. ಉತ್ತರದ ಹಳ್ಳಿಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ವರ್ಷಗಳಲ್ಲೇ ಪಟ್ಟಣದಲ್ಲಿ ತೋಫುವಿನ ನೂರು ರುಚಿ ಅಚ್ಚಾಗುತ್ತಿತ್ತು. ಇದನ್ನು ಓದಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಇಷ್ಟು ಮಾತ್ರ ಹೇಳಬಹುದು: ತೋಫು, ಮೂಲಂಗಿ, ಗೆಣಸು ಇವು ಬಡವನ ಕೈಗೂ ಎಟಕುವ ಪದಾರ್ಥಗಳು. ಗೆಣಸಂತೂ ಅಲ್ಲಿ ಬರಗಾಲದಲ್ಲಿ ಕೈಹಿಡಿಯಲೆಂದೇ ಬೆಳೆಸಿದ ಬೆಳೆ.

ಕನ್ನಡವೇನೂ ಹಿಂದೆ ಬಿದ್ದಿಲ್ಲ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲೇ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಅದರಲ್ಲೂ ಹಿಟ್ಟಿನ ಅಡುಗೆಗೆ ಬೇರೆ ಅಧ್ಯಾಯ, ಪಾನಕಕ್ಕೆ ಬೇರೆ, ಅನ್ನಕ್ಕೆ ಬೇರೆ, ತರಕಾರಿಗೆ ಬೇರೆ. ಬದನೆಕಾಯಿಗೆ ಅಲ್ಲಿ ದೊಡ್ಡ ಮರ್ಯಾದೆ. ಮೂಗು ಮುರಿಯುವವರು ಗಮನಿಸಬೇಕು!

ಮತ್ತೆ ತೋಫುವಿಗೆ ಬರುತ್ತೇನೆ. ‘ಎಲ್ಲರಿಗೂ ಗೊತ್ತಿರುವವು 10’ ಎಂದೆನಲ್ಲ, ಸುಟ್ಟ ತೋಫು, ಕರಿದ ತೋಫು ಮೊದಲಾದವು, ಅವಕ್ಕೆ ಲೇಖಕ ಮಾಡುವ ವಿಧಾನವನ್ನೇ ಬರೆದಿಲ್ಲ. ಬರೀ ಹೆಸರು. ಗೊತ್ತಿರುವುದನ್ನು ಏನು ಬರೆಯುವುದು ಎಂದು ಬಿಟ್ಟಿದ್ದಾನೆ. ಜಪಾನಿನವರ ಪುಣ್ಯ, ಆ ಅಡುಗೆಗಳನ್ನು ಜನ ಇವತ್ತಿಗೂ ಮಾಡುತ್ತಿರುವುದರಿಂದ ಉಳಿದುಕೊಂಡಿವೆ. ಮಾಡುವುದು ನಿಂತಿದ್ದರೆ ಪುಸ್ತಕದಲ್ಲಿ ಹತ್ತು ಹೆಸರು ಮಾತ್ರ ಇರುತ್ತಿದ್ದವು.

ನಮ್ಮಲ್ಲಿ ಹೀಗೆ ಬರೀ ಹೆಸರಾಗಿ ಉಳಿಯಲಿರುವವು ಎಷ್ಟಿವೆಯೋ! ದಕ್ಷಿಣ ಕನ್ನಡದ ಉಪ್ಪುಸೊಳೆಯನ್ನೇ ತೆಗೆದುಕೊಳ್ಳಿ. ಬೆಳೆದ, ಆದರೆ ಹಣ್ಣಾಗದ ಹಲಸಿನ ಸೊಳೆ ಬಿಡಿಸಿ, ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಭಾರ ಹೇರಿಟ್ಟರೆ ಮಳೆಗಾಲ ಪೂರ್ತಿ ತರಕಾರಿಯ ಚಿಂತೆಯಿಲ್ಲ. ಬೇಕಾದಾಗ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯ, ರೊಟ್ಟಿ, ಉಂಡೆ. ಹೇಳುವುದಕ್ಕೆ ಇಷ್ಟೇ. ಆದರೆ ಕಾಯಿ ಬೆಳೆದಿದೆ ಎಂದು ಗೊತ್ತಾಗುವುದು ಹೇಗೆ? ಉಪ್ಪು ಎಷ್ಟು? ಎಂಬತ್ತು ದಾಟಿದ ನನ್ನ ಅಕ್ಕನನ್ನು ಕೇಳಿದರೆ, “ಕಾಯಿ ತಟ್ಟಿದರೆ ಅದೇ ಹೇಳುತ್ತದೆ. ಉಪ್ಪು ಕೈಗೆ ಬಂದಷ್ಟು” ಎನ್ನುತ್ತಾಳೆ. ಅವಳ ಕೈಗೆ ಬಂದಷ್ಟು ನನ್ನ ಕೈಗೆ ಬರಬೇಕಲ್ಲ!

ಕಳೆದ ಬೇಸಗೆ ರಜೆಯಲ್ಲಿ ಏಳನೆಯ ತರಗತಿಯ ನನ್ನ ಮೊಮ್ಮಗಳು ಅಕ್ಕನ ಪಕ್ಕ ತಕ್ಕಡಿ ಇಟ್ಟುಕೊಂಡು ಕೂತಳು. ಅಕ್ಕ ಉಪ್ಪು ಹಿಡಿದಾಗಲೆಲ್ಲ “ದೊಡ್ಡಜ್ಜಿ, ಸ್ವಲ್ಪ ತಡಿ” ಎಂದು ಮುಷ್ಟಿಯನ್ನು ತಕ್ಕಡಿಗೆ ಸುರಿಸಿ, ಬರೆದುಕೊಂಡು, ಮತ್ತೆ ಭರಣಿಗೆ ಹಾಕಿಸಿದಳು. ಮೊದಮೊದಲು ಅಕ್ಕನಿಗೆ ಸಿಟ್ಟು, ಆಮೇಲೆ ನಗು. ಹಾಗೆ ಹಲಸಿನದೇ ಹದಿನಾಲ್ಕು ಅಡುಗೆ ಒಂದು ನೋಟ್‌ಬುಕ್ಕಿಗೆ ಬಂದಿವೆ. ಹಪ್ಪಳ ಇದೆ, ಗುಜ್ಜೆ ಪಲ್ಯ ಇದೆ, ಹಣ್ಣಿನ ಕಡುಬು ಇದೆ. ಹಲಸಿನ ಬೀಜದ ಸಾರು ಹೇಳು ಎಂದಾಗ ಮಾತ್ರ ಅಕ್ಕ, “ಅದನ್ನೇನು ಬರೆಯುವುದು, ಯಾರಿಗೆ ಗೊತ್ತಿಲ್ಲ?” ಎಂದಳು. ಮೊಮ್ಮಗಳು ಪೆನ್ಸಿಲ್ ಕೆಳಗಿಡಲಿಲ್ಲ. “ನನಗೆ ಗೊತ್ತಿಲ್ಲ” ಎಂದು ಹೊಸ ಪುಟ ತಿರುವಿದಳು.