ನಡುವಿನ ಮೆಟ್ಟಿಲು ಎಲ್ಲಿ ಹೋಯಿತು?

ಸರ್ಕಾರ ಎಂದರೆ ಯಾರು ಎಂದು ನಮ್ಮ ಶೀಳನೆರೆ ಹೋಬಳಿಯಲ್ಲಿ ಕೇಳಿ ನೋಡಿ, ಹೆಚ್ಚಿನವರು ‘ಎಂಎಲ್‌ಎ’ ಎನ್ನುತ್ತಾರೆ. ನಮ್ಮ ಅಬ್ಬಾ ಹೇಳುವುದೂ ಅದೇ. ಶಾಲೆಯ ಸೂರು ಸೋರಿದರೂ, ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲದಿದ್ದರೂ ಎಂಎಲ್‌ಎ ಸಾಹೇಬರಿಗೇ ಹೇಳಬೇಕು.

ಆದರೆ ಶಾಸಕರ ಮೊದಲ ಕೆಲಸ ಕಾನೂನು ಮಾಡುವುದು, ಬಜೆಟ್ ಪರಿಶೀಲಿಸುವುದು. ಅದಕ್ಕಾಗಿಯೇ ವಿಧಾನಸಭೆಯಲ್ಲಿ 224, ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ಹಳ್ಳಿಯ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರಿಗೆಂದು ಕೆಳಗೆ ಮೂರು ಮೆಟ್ಟಿಲುಗಳಿವೆ: ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ.

ಇವುಗಳಲ್ಲಿ ಮೇಲಿನ ಎರಡು ಮೆಟ್ಟಿಲುಗಳು ಖಾಲಿ ಬಿದ್ದಿವೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಎಂದು ವರ್ಷಗಳೇ ಕಳೆದರೂ ಮತಪೆಟ್ಟಿಗೆ ಬಂದಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಈಗ ಅಲ್ಲಿ ಅಧಿಕಾರಿಗಳದ್ದೇ ಆಡಳಿತ.

ಕೆನಡಾದ ಸಂವಿಧಾನದಲ್ಲಿ ಊರಾಡಳಿತಕ್ಕೆ ಇಂಥ ರಕ್ಷಣೆ ಇಲ್ಲ, ಎಲ್ಲವೂ ಪ್ರಾಂತ್ಯ ಸರ್ಕಾರದ ಕೈಯಲ್ಲಿ. ಆದರೂ ಒಂಟಾರಿಯೊ ಪ್ರಾಂತ್ಯದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಊರುಗಳ ಚುನಾವಣೆ ನಡೆಯುತ್ತದೆ. ನಮಗೆ ರಕ್ಷಣೆ ಇದೆ, ಚುನಾವಣೆ ಇಲ್ಲ.

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ್ದು ಕರ್ನಾಟಕ. ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯ್ದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದರು. ನೀರಿನ ಜೊತೆ ಅವರು ಹಳ್ಳಿಗೆ ಅಧಿಕಾರವನ್ನೂ ತಂದರು.

ನಾವು ಕಾಮರ್ಸ್‌ನವರು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದುತ್ತೇವೆ: ಅಧಿಕಾರ ಕೊಟ್ಟಲ್ಲಿ ಉತ್ತರದಾಯಿತ್ವವೂ ಇರಬೇಕು. ಅಧಿಕಾರಿ ಒಳ್ಳೆಯವರೇ ಇರಬಹುದು, ಆದರೆ ಅವರು ಉತ್ತರ ಕೊಡುವುದು ಮೇಲಿನವರಿಗೆ. ನಾವು ಆರಿಸಿದ ಸದಸ್ಯ ಮಾತ್ರ ಮತ್ತೆ ನಮ್ಮ ಬಾಗಿಲಿಗೆ ಬರಬೇಕಾಗುತ್ತದೆ.

ಗೆಳೆಯರೇ, ಮುಂದಿನ ವರ್ಷ ನಮ್ಮಲ್ಲಿ ಬಹಳ ಮಂದಿಗೆ ಹದಿನೆಂಟು ತುಂಬುತ್ತದೆ. ಓಟು ಕೇಳಲು ಬರುವವರಿಗೆ ರಸ್ತೆ, ಚರಂಡಿ ಕೇಳುವ ಮೊದಲು ಒಂದು ಪ್ರಶ್ನೆ ಹಾಕೋಣ: ನಮ್ಮ ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ?