ಊರೊಳಗಿನ ಮಾತು: ನಮ್ಮವರನ್ನು ಲೆಕ್ಕ ಕೇಳುವುದು ಹೇಗೆ?



ದೊಡ್ಡ ನಗರಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಸಣ್ಣ ಊರುಗಳ ವಿಷಯದಲ್ಲಿ ಒಂದು ಸವಿಯಾದ ಕಲ್ಪನೆಯಿದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು, ಆದುದರಿಂದ ಯಾವ ಕೆಲಸಕ್ಕೂ ಅಡ್ಡಿಯಿಲ್ಲ ಎಂದು ಅವರು ಭಾವಿಸುತ್ತಾರೆ. ಪರಿಚಯವಿರುವುದು ನಿಜ. ಪುರಸಭೆಯ ಗುಮಾಸ್ತರ ತಂದೆ ನಮ್ಮೊಡನೆ ಶಾಲೆಗೆ ಬಂದವರು; ಸದಸ್ಯರು ನಮ್ಮ ಬೀಗರ ಪೈಕಿ; ಗುತ್ತಿಗೆದಾರರ ಮನೆಯ ಮದುವೆಯಲ್ಲಿ ನಾವೇ ಎಲೆ ಹಾಕಿ ಬಡಿಸಿದ್ದೇವೆ. ಆದರೆ ಈ ಪರಿಚಯವೇ ಅನೇಕ ಸಲ ಬಾಯಿಗೆ ಬೀಗವಾಗುತ್ತದೆ ಎಂಬುದನ್ನು ಇಲ್ಲಿ ಬಾಳುವವರು ಮಾತ್ರ ಬಲ್ಲರು. ಈ ತಿಂಗಳ ಮಾತು ಆ ಬೀಗವನ್ನು ಕುರಿತದ್ದು. ಅದನ್ನು ಹಾಕಿಕೊಂಡವರಲ್ಲಿ ನಾನೂ ಒಬ್ಬ.

ನಮ್ಮದು ಉತ್ತರ ಕರ್ನಾಟಕದ ಒಂದು ತಾಲೂಕು ಕೇಂದ್ರ. ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. 23 ವಾರ್ಡುಗಳ ಪುರಸಭೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ 20 ಸಾವಿರದಿಂದ 50 ಸಾವಿರದವರೆಗೆ ಜನಸಂಖ್ಯೆಯುಳ್ಳ ಊರಿಗೆ ಪುರಸಭೆ. ಅದಕ್ಕಿಂತ ಚಿಕ್ಕದಾದರೆ ಪಟ್ಟಣ ಪಂಚಾಯಿತಿ, ದೊಡ್ಡದಾದರೆ ನಗರಸಭೆ. 1993ರ ಜೂನ್ 1ರಂದು ಸಂವಿಧಾನದ 74ನೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಈ ಸಂಸ್ಥೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳ ಪಟ್ಟಿಯಿದೆ. ರಸ್ತೆ, ಕುಡಿಯುವ ನೀರು, ನೈರ್ಮಲ್ಯ, ಬೀದಿದೀಪ, ಉದ್ಯಾನ, ಜನನ-ಮರಣಗಳ ಲೆಕ್ಕ, ಕಡೆಗೆ ಸ್ಮಶಾನವೂ ಅದರಲ್ಲಿದೆ. ಹುಟ್ಟಿದ ದಿನದಿಂದ ಮಣ್ಣಾಗುವ ದಿನದವರೆಗೆ ನಮ್ಮ ಬಾಳಿನೊಡನೆ ಇಷ್ಟು ಹತ್ತಿರವಾಗಿರುವ ಸರಕಾರ ಇನ್ನೊಂದಿಲ್ಲ. ಆದರೂ ದಿಲ್ಲಿಯ, ಬೆಂಗಳೂರಿನ ರಾಜಕಾರಣವನ್ನು ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಚರ್ಚಿಸುವ ನಾವು, ಪುರಸಭೆಯ ವಿಷಯ ಬಂದಾಗ ದನಿ ತಗ್ಗಿಸುತ್ತೇವೆ. ಏಕೆಂದರೆ ದಿಲ್ಲಿಯಲ್ಲಿ ನಮ್ಮ ಬೀಗರಿಲ್ಲ.

ಒಂದು ಸಂಗತಿಯನ್ನು ನೆನಪಿಸುತ್ತೇನೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ನಮ್ಮ ಊರೂ ಅವುಗಳಲ್ಲೊಂದು. ಗೆದ್ದವರಿಗೆ ಹಾರ ಬಿತ್ತು, ಗುಲಾಲು ಹಾರಿತು, ಹಲಗೆ ಬಾರಿಸಿತು. ಆದರೆ ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 2020ರ ಕೊನೆಯ ತಿಂಗಳುಗಳವರೆಗೆ, ಎಂದರೆ ಎರಡು ವರ್ಷಗಳಿಗೂ ಹೆಚ್ಚು ಕಾಲ, ಆರಿಸಿ ಬಂದ ಸದಸ್ಯರು ಮನೆಯಲ್ಲಿಯೇ ಉಳಿದರು. ಆಡಳಿತಾಧಿಕಾರಿಗಳು ಊರನ್ನು ನಡೆಸಿದರು. ಮೊದಲ 30 ತಿಂಗಳ ಅಧ್ಯಕ್ಷಾವಧಿ ಮುಗಿದ ಮೇಲೆ ಮತ್ತೆ ಅದೇ ಕಥೆ. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಪ್ರಕಟವಾದದ್ದು 2024ರ ಆಗಸ್ಟಿನಲ್ಲಿ.

ಇಷ್ಟು ದಿನ ನಮ್ಮ ಪುರಸಭೆಗೆ ಅಧ್ಯಕ್ಷರೇ ಇಲ್ಲ ಎಂಬುದನ್ನು ನಮ್ಮ ಓಣಿಯಲ್ಲಿ ಎಷ್ಟು ಜನ ಗಮನಿಸಿದ್ದರು? ನಾನು ವಿಚಾರಿಸಿ ನೋಡಿದೆ. ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. ಕಾರಣ ಸರಳವಾದುದು. ನಮಗೆ ಬೇಕಾಗಿದ್ದುದು ಸಭೆಯಲ್ಲ, ಠರಾವಲ್ಲ, ಆಯವ್ಯಯವಲ್ಲ. ಒಂದು ಫೋನು ಮಾಡಿದರೆ ಕೆಲಸ ಮಾಡಿಸಿಕೊಡುವ ಒಬ್ಬ 'ನಮ್ಮವ' ಬೇಕಾಗಿದ್ದ. ಅಧ್ಯಕ್ಷರಿರಲಿ, ಇಲ್ಲದಿರಲಿ, ಆ 'ನಮ್ಮವ' ಇದ್ದೇ ಇದ್ದ.

ನಮ್ಮ ವಾರ್ಡು ಮಹಿಳೆಗೆ ಮೀಸಲಾಗಿತ್ತು. ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳು ಮಹಿಳೆಯರಿಗೆ ಮೀಸಲಿರಬೇಕೆಂದು ಸಂವಿಧಾನ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಅದು ಅರ್ಧದಷ್ಟಾಗಿದೆ. ನನ್ನ ದೊಡ್ಡಪ್ಪನ ಮಗನ ಸೊಸೆ ಸ್ಪರ್ಧಿಸಿದಳು. ಓದಿದ ಹೆಣ್ಣುಮಗಳು, ಮಾತು ಕಡಿಮೆ. ನಾನು ಮನೆಮನೆಗೆ ಹೋಗಿ ಮತ ಕೇಳಿದೆ. ಯೋಗ್ಯತೆಯ ಮಾತನ್ನು ನಾನು ಆಡಲಿಲ್ಲವೆಂದಲ್ಲ. ಆದರೆ ಮನೆಯ ಬಾಗಿಲಿನಿಂದ ಹೊರಡುವಾಗ ಕೊನೆಯ ಮಾತು, 'ಏನಂದರೂ ನಮ್ಮವರು, ಕೈ ಬಿಡಬ್ಯಾಡ್ರಿ' ಎಂಬುದೇ ಆಗಿತ್ತು. ಅವಳು ಗೆದ್ದಳು. ಗೆದ್ದ ಮೇಲೆ ನಾವೆಲ್ಲರೂ ಫೋನು ಮಾಡಿದ್ದು ಅವಳಿಗಲ್ಲ, ಅವಳ ಗಂಡನಿಗೆ.

ನಮ್ಮ ವಾರ್ಡಿನಲ್ಲಿ ಎರಡು ಓಣಿಗಳು. ನಡುವೆ ಒಂದು ಹಳ್ಳ. ಈಚೆ ಕಡೆ ನಾವು. ಆಚೆ ಕಡೆ ಕೂಲಿ ಮಾಡುವವರು, ಹಮಾಲರು, ನೇಕಾರಿಕೆ ಬಿಟ್ಟು ಬೇರೆ ಕೆಲಸ ಹಿಡಿದವರು. ಎರಡೂ ಓಣಿಗಳಿಗೆ ಒಂದೇ ಮೇಲ್ತೊಟ್ಟಿಯಿಂದ ನೀರು. ನಮಗೆ ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಒಮ್ಮೆ ಬೇಸಿಗೆಯಲ್ಲಿ ನೀರು ಬೇಗನೆ ನಿಂತುಹೋದಾಗ ನಾನು ಆ ಹುಡುಗನಿಗೆ ಫೋನು ಮಾಡಿದೆ. 'ಆತು ಕಾಕಾ, ಹೇಳತೀನಿ' ಎಂದ. ಅರ್ಧ ಗಂಟೆಯಲ್ಲಿ ನೀರು ಮತ್ತೆ ಬಂತು. ಬ್ಯಾರಲ್ಲು, ಸಿಂಟೆಕ್ಸು, ಹಂಡೆ, ಕೊಡ, ಚರಿಗೆ ಎಲ್ಲವೂ ತುಂಬಿದವು. ನೆರೆಯವರು ನನ್ನನ್ನು ಹೊಗಳಿದರು. ಅಂದಿನಿಂದ ಸರದಿ ಬಂದಾಗಲೆಲ್ಲ ಒಂದು ಫೋನು, ನಮ್ಮ ಓಣಿಗೆ ನಾಲ್ಕು ತಾಸು ನೀರು ಎಂಬುದು ವಾಡಿಕೆಯಾಯಿತು. ಇದನ್ನು ನಾನು ಸಮಾಜಸೇವೆ ಎಂದೇ ತಿಳಿದಿದ್ದೆ.

2025ರ ಜನವರಿಯಲ್ಲಿ ಪುರಸಭೆಯವರು ಆಯವ್ಯಯದ ಪೂರ್ವಭಾವಿ ಸಭೆ ಕರೆದರು. ಮುಂದಿನ ವರ್ಷದ ಜಮೆ-ಖರ್ಚುಗಳನ್ನು ನಿಶ್ಚಯಿಸುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆಯದು. ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಮೂವತ್ತು ಸಾವಿರ ಜನರ ಊರಿನಿಂದ ಬಂದವರು ಇಪ್ಪತ್ತು ಜನರೂ ಇರಲಿಲ್ಲ. ಅವರಲ್ಲಿ ಕೆಲವರು ಗುತ್ತಿಗೆದಾರರು, ಇಬ್ಬರು ವರದಿಗಾರರು. ಮುಂದಿನ ಸಾಲಿನಲ್ಲಿ ಸದಸ್ಯರು, ಹಿಂದೆ ಸದಸ್ಯೆಯರ ಗಂಡಂದಿರು. ಬಾಗಿಲ ಬಳಿ ಹಳ್ಳದಾಚೆಯ ಓಣಿಯ ಒಬ್ಬ ಮುದುಕಿ, ಸೆರಗು ಹೊದ್ದು ಕುಳಿತಿದ್ದಳು.

ನೀರಿನ ವಿಷಯ ಬಂದಾಗ ಅವಳು ಎದ್ದು ನಿಂತಳು.

'ಯವ್ವಾ, ನಿಮ್ಮ ಓಣ್ಯಾಗ ನಾಕು ತಾಸು ನೀರು ಬರತಾವ. ನಮ್ಮ ಓಣ್ಯಾಗ ಹನ್ನೆರಡು ದಿನಕ್ಕೊಮ್ಮೆ, ಅದೂ ಒಂದು ತಾಸಿಗೇ ನಿಂತು ಹೋಗತಾವ. ಓಟು ಕೇಳಾಕ ಬಂದಾಗ ನೀ ಎರಡೂ ಓಣ್ಯಾಗ ಕೈ ಮುಗದಿದ್ದಿ. ನಮ್ಮ ಓಣ್ಯಾಗ ಕಡಿಮಿ ಮುಗದಿದ್ದೇನು?'

ಹಿಂದಿನಿಂದ ನಮ್ಮ ಹುಡುಗ ಉತ್ತರ ಕೊಡಲು ಎದ್ದ. ಮುದುಕಿ ಅವನತ್ತ ತಿರುಗದೆಯೇ ಹೇಳಿದಳು: 'ನಾ ನಿನ್ನ ಕೇಳಿಲ್ಲೋ ಯಪ್ಪಾ. ಓಟು ಹಾಕಿದ್ದು ಆಕಿಗೆ.'

ಸಭೆ ಸ್ತಬ್ಧವಾಯಿತು. ನಮ್ಮ ಸೊಸೆ ನಿಧಾನವಾಗಿ ಎದ್ದು, 'ಕೇಳಿ ಹೇಳತೀನಿ, ಕುಂದರ್ರಿ ಆಯಿ' ಎಂದು, ನೀರು ಬಿಡುವ ನೌಕರನನ್ನು ಅಲ್ಲಿಗೇ ಕರೆಸಿದಳು. ಅವನು ತಲೆ ತಗ್ಗಿಸಿ, 'ಮ್ಯಾಡಮ್ಮಾರ, ಈಚಿ ಓಣಿಗೆ ಹೆಚ್ಚು ಹೊತ್ತು ಬಿಡು ಅಂತ ನಿಮ್ಮ ಮನಿಯಿಂದನ ಫೋನು ಬರತೈತ್ರಿ. ಆ ವಾಲ್ವು ಬಂದ್ ಮಾಡೋದ್ರಾಗ ತೊಟ್ಟಿ ತಳ ಕಾಣತೈತಿ. ಆಚಿ ಓಣಿಗೆ ಏನು ಬಿಡೂದ್ರಿ?' ಎಂದನು.

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆ ಫೋನು ಎಲ್ಲಿಂದ ಹೊರಟದ್ದೆಂದು ನನಗೆ ಗೊತ್ತಿತ್ತು. ಎದ್ದು ನಿಂತು ಹೇಳುವ ಧೈರ್ಯ ಆ ಹೊತ್ತಿನಲ್ಲಿ ನನಗೆ ಬರಲಿಲ್ಲ. ಅದಕ್ಕಾಗಿಯೇ ಇಂದು ಬರೆಯುತ್ತಿದ್ದೇನೆ.

ಮನೆಗೆ ಬಂದು ಲೆಕ್ಕ ಹಾಕಿದೆ. ನಾಲ್ಕು ತಾಸಿನಲ್ಲಿ ನಮ್ಮ ಮನೆಗೆ ಹೆಚ್ಚುಕಡಿಮೆ ಎರಡು ಸಾವಿರ ಲೀಟರು ನೀರು ಬೀಳುತ್ತಿತ್ತು. ಐದು ಜನ, ಎಂಟು ದಿನ: ತಲೆಗೆ ದಿನಕ್ಕೆ 50 ಲೀಟರು. ಹಳ್ಳದಾಚೆಯ ಮನೆಗೆ ಸಾವಿರ ಲೀಟರು ದೊರೆತಿದ್ದರೂ, ಐದು ಜನ, ಹನ್ನೆರಡು ದಿನ: ತಲೆಗೆ 17 ಲೀಟರಿಗೂ ಕಡಿಮೆ. ಒಳಚರಂಡಿ ವ್ಯವಸ್ಥೆಯುಳ್ಳ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರು, ಅದಿಲ್ಲದ ಪಟ್ಟಣಕ್ಕೆ 70 ಲೀಟರು ಎಂಬುದು ಸರಕಾರಿ ಮಾನದಂಡ. ಅದನ್ನು ನಾವಾರೂ ಮುಟ್ಟಿರಲಿಲ್ಲ. ಇರುವ ಕೊರತೆಯನ್ನು ಸಮನಾಗಿ ಹಂಚಿಕೊಳ್ಳುವ ಬದಲು, ನಮ್ಮ ಪಾಲಿನ ಕೊರತೆಯನ್ನು ಒಂದು ಫೋನಿನ ಮೂಲಕ ಹಳ್ಳದಾಚೆಗೆ ದಾಟಿಸಿದ್ದೆವು. ಕಾಯಕ, ದಾಸೋಹಗಳ ಹೆಸರನ್ನು ದಿನವೂ ಹೇಳುವ ಮನೆಗಳು ನಮ್ಮವು. ಮತ್ತೊಬ್ಬರ ಕೊಡದ ನೀರಿನಿಂದ ನಮ್ಮ ಹಂಡೆ ತುಂಬಿಸಿಕೊಳ್ಳುವುದನ್ನು ಯಾವ ಹೆಸರಿನಿಂದ ಕರೆಯೋಣ?

ಅಂದು ನನಗೆ ಹೊಳೆದ ಮಾತು ಇಷ್ಟೇ. ನಮ್ಮವರಿಂದ ಉಪಕಾರ ಕೇಳುವುದು ಬೇರೆ; ನಮ್ಮವರನ್ನು ಲೆಕ್ಕ ಕೇಳುವುದು ಬೇರೆ. ಮೊದಲನೆಯದನ್ನು ಮಾಡಿದವನಿಗೆ ಎರಡನೆಯದನ್ನು ಮಾಡುವ ಬಾಯಿ ಉಳಿಯುವುದಿಲ್ಲ. ಚರಂಡಿಯ ಕಾಮಗಾರಿ ಅರ್ಧಕ್ಕೆ ನಿಂತಾಗ ನಾನೇಕೆ ಸುಮ್ಮನಿದ್ದೆ? ಅಧ್ಯಕ್ಷರ ಆಯ್ಕೆಯ ಮುನ್ನ ಸದಸ್ಯರನ್ನು 'ಪ್ರವಾಸ'ಕ್ಕೆ ಕರೆದೊಯ್ದಾಗ ಖರ್ಚು ಯಾರದೆಂದು ಏಕೆ ಕೇಳಲಿಲ್ಲ? ನಾಲ್ಕು ತಾಸಿನ ನೀರು ನನ್ನ ಬಾಯಿಯನ್ನೂ ತುಂಬಿತ್ತು. ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುವುದಿಲ್ಲ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮರುದಿನ ಬೆಳಗ್ಗೆ ಅವರ ಮನೆಗೆ ಹೋದೆ. ತಪ್ಪು ನನ್ನದೆಂದು ಗಂಡಹೆಂಡಿರಿಬ್ಬರ ಎದುರಿಗೂ ಹೇಳಿದೆ. ಸೊಸೆ ಚಹಾ ತಂದಿಟ್ಟು, 'ಮಾವಾರ, ಇನ್ನ ಮ್ಯಾಲೆ ನೀರಿಂದು ಏನರ ಇದ್ದರ ನನಗ ಫೋನ್ ಮಾಡ್ರಿ. ಆದರ ಓಣಿದು ಹೇಳಬ್ಯಾಡ್ರಿ, ವಾರ್ಡಿಂದು ಹೇಳ್ರಿ' ಎಂದಳು. ಏಳು ವರ್ಷಗಳಲ್ಲಿ ಅವಳು ಸದಸ್ಯೆಯಾಗಿ ನನ್ನೊಡನೆ ಆಡಿದ ಮೊದಲ ಮಾತದು. ಅಷ್ಟು ವರ್ಷ ಅವಳನ್ನು ಮಾತನಾಡಿಸದೆ ಉಳಿದವನು ನಾನೇ.

ಆ ತಿಂಗಳೇ ತೊಟ್ಟಿಯ ಕಂಬದ ಮೇಲೆ ಬಣ್ಣದಲ್ಲಿ ವೇಳಾಪಟ್ಟಿ ಬರೆಸಿದರು: ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತು. ಎರಡೂ ಓಣಿಗಳಿಗೆ ಎರಡೂವರೆ ತಾಸು, ಹತ್ತು ದಿನಕ್ಕೊಮ್ಮೆ. ನಮ್ಮ ಓಣಿಯಲ್ಲಿ ಅಸಮಾಧಾನ ಹೊಗೆಯಾಡಿತು. 'ನಮ್ಮವರನ್ನು ಆರಿಸಿ ತಂದು ನಮಗೇನು ಲಾಭ?' ಎಂದು ನನ್ನನ್ನೇ ಕೇಳಿದರು. ಈ ಪ್ರಶ್ನೆಯನ್ನು ಅವರಿಗೆ ಕಲಿಸಿದವನು ಮನೆಮನೆಗೆ ಮತ ಕೇಳಲು ಹೋದ ನಾನೇ ಅಲ್ಲವೇ?

ಹಂಚಿಕೆ ಸರಿಯಾಯಿತು, ನೀರು ಹೆಚ್ಚಲಿಲ್ಲ. ಅದಕ್ಕೆ ಹಳೆಯ ಕೊಳವೆಗಳನ್ನು ಬದಲಿಸಬೇಕು, ಸೋರಿಕೆ ತಡೆಯಬೇಕು. ಇದು ಆಗದ ಕೆಲಸವಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಹೊಸ ಕೊಳವೆ, ಮೀಟರು ಅಳವಡಿಸಿ, 2008ರ ಹೊತ್ತಿಗೆ ದಿನದ 24 ತಾಸೂ ನೀರು ಕೊಟ್ಟು ತೋರಿಸಿದರು. ಆದರೆ ಅಂಥ ಕೆಲಸವನ್ನು ಓಣಿಗೊಬ್ಬರಂತೆ ಬೇಡಿ ಪಡೆಯಲಾಗದು. ಇಡೀ ಊರು ಒಟ್ಟಾಗಿ ಕೇಳಬೇಕು. ಇಂದು ನಾಲ್ಕು ತಾಸು ಪಡೆದು ಸುಮ್ಮನಾಗುವವರು ಇರುವವರೆಗೆ ಊರು ಒಟ್ಟಾಗುವುದಿಲ್ಲ.

ಆದುದರಿಂದ ನಮ್ಮ ಮನೆಗಳ ತಾಯಂದಿರಿಗೆ, ತರುಣರಿಗೆ ನನ್ನ ವಿನಂತಿ ಇಷ್ಟು. ಆಯವ್ಯಯದ ಪೂರ್ವಭಾವಿ ಸಭೆಗೆ ಮನೆಯಿಂದ ಒಬ್ಬರಾದರೂ ಹೋಗಿರಿ. ಏಪ್ರಿಲಿನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ ಎಂಬುದು ನಮ್ಮೆಲ್ಲರಿಗೂ ಬಾಯಿಪಾಠ. ಕಟ್ಟಿದ ಹಣ ಎಲ್ಲಿ ಹೋಯಿತೆಂಬುದನ್ನೂ ಅಷ್ಟೇ ಕಾಳಜಿಯಿಂದ ಕೇಳಿರಿ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದ ಒಂದು ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕಾದುದು ಕಚೇರಿಯ ಕರ್ತವ್ಯ. ಸದಸ್ಯೆ ಹೆಣ್ಣುಮಗಳಾಗಿದ್ದರೆ ಅವಳನ್ನೇ ಮಾತನಾಡಿಸಿರಿ. ಮುಂದಿನ ಚುನಾವಣೆಯಲ್ಲಿ 'ನಾವು ನಿಮ್ಮವರು' ಎಂದು ಯಾರಾದರೂ ಬಾಗಿಲಿಗೆ ಬಂದರೆ, ಕುಳ್ಳಿರಿಸಿ ನೀರು ಕೊಟ್ಟು, ಹಳ್ಳದಾಚೆಯ ಓಣಿಗೆ ಏನು ಮಾಡುವಿರಿ ಎಂದು ಮೊದಲು ಕೇಳಿರಿ. ಅದಕ್ಕೆ ಉತ್ತರವಿದ್ದವರು ನಿಜವಾಗಿಯೂ ನಮ್ಮವರು.

ಮೊನ್ನೆ ಸಂತೆಯಲ್ಲಿ ಆ ಮುದುಕಿ ಸಿಕ್ಕಿದ್ದಳು. ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದಳು. 'ನೀರು ಬರತಾವೇನವ್ವಾ?' ಎಂದು ಕೇಳಿದೆ.

'ಬರತಾವ್ರೀ. ನಿಮಗ ಕಡಿಮಿ ಆದೂವಂತಲ್ಲ?' ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಮರುಕವಿತ್ತು. ಎರಡು ಸಿವುಡು ಮೆಂತ್ಯೆಪಲ್ಯ ಕೊಂಡು ಮನೆಗೆ ಬಂದೆ.