ಸುಂಕದ ಬೇಲಿಯೂ ಸಣ್ಣ ಉದ್ಯಮಿಯೂ

ಹೊರದೇಶದ ಸರಕಿನ ಮೇಲೆ ಸುಂಕ ಏರಿಸಬೇಕೆಂಬ ಬೇಡಿಕೆ ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ಹೊಸದೇನಲ್ಲ. ಪೈಪೋಟಿಯಿಂದ ನಲುಗಿದ ಉದ್ದಿಮೆದಾರನು ಸರ್ಕಾರದ ಆಸರೆ ಕೋರುವುದು ಸಹಜವೇ ಸರಿ. ಆದರೆ 2025ರ ಆಗಸ್ಟ್ ತಿಂಗಳಲ್ಲಿ ಅಮೆರಿಕವು ಭಾರತದ ಅನೇಕ ಸರಕುಗಳ ಮೇಲೆ ಮೊದಲು ಶೇ. 25ರಷ್ಟು, ಬಳಿಕ ರಷ್ಯಾದಿಂದ ತೈಲ ಖರೀದಿಸುವ ಕಾರಣವೊಡ್ಡಿ ಮತ್ತೆ ಶೇ. 25ರಷ್ಟು ಹೆಚ್ಚುವರಿ ಸುಂಕ ವಿಧಿಸಿದಾಗ ನಾವೆಲ್ಲರೂ ಅದನ್ನು ಅನ್ಯಾಯವೆಂದೆವು. ಪರರ ಬೇಲಿ ಅನ್ಯಾಯ, ನಮ್ಮ ಬೇಲಿ ನ್ಯಾಯ ಎಂಬ ವಾದ ಎಷ್ಟು ದಿನ ನಿಂತೀತು? ಇದನ್ನು ಅರಿಯಲು ಅದೇ ಅಮೆರಿಕದ ಹಳೆಯ ಅನುಭವವೊಂದನ್ನು ಪರಿಶೀಲಿಸುವುದು ಉಪಯುಕ್ತ.

ಮೊದಲನೆಯ ಮಹಾಯುದ್ಧದ ನಂತರ ಅಮೆರಿಕದ ಸೆನೆಟ್ ವರ್ಸೇಲ್ಸ್ ಒಪ್ಪಂದವನ್ನು ತಿರಸ್ಕರಿಸಿತು. ರಾಷ್ಟ್ರಸಂಘದ ಸ್ಥಾಪನೆಗೆ ತನ್ನ ಅಧ್ಯಕ್ಷರಾದ ವುಡ್ರೊ ವಿಲ್ಸನ್ ಅವರೇ ಶ್ರಮಿಸಿದ್ದರೂ ಆ ದೇಶ ಅದರ ಸದಸ್ಯರಾಷ್ಟ್ರವಾಗಲಿಲ್ಲ. ಜಗತ್ತಿನ ಗೊಡವೆ ಬೇಡವೆಂಬ ಈ ಧೋರಣೆಯ ಜೊತೆಗೇ ಆಮದು ಸುಂಕವೂ ಏರಿತು. 1928ರ ಚುನಾವಣೆಯಲ್ಲಿ ಹರ್ಬರ್ಟ್ ಹೂವರ್ ಅವರು ರೈತರಿಗೆ ಸುಂಕದ ರಕ್ಷಣೆಯ ಭರವಸೆ ನೀಡಿದರು. ರೈತರ ಹೆಸರಿನಲ್ಲಿ ಸಿದ್ಧವಾದ ಮಸೂದೆ ಶಾಸನಸಭೆ ದಾಟುವಷ್ಟರಲ್ಲಿ ಕಾರ್ಖಾನೆಗಳ ಸರಕುಗಳೂ ಅದರಲ್ಲಿ ಸೇರಿಕೊಂಡವು. ನಿಮ್ಮ ಸರಕಿಗೆ ನನ್ನ ಮತ, ನನ್ನ ಸರಕಿಗೆ ನಿಮ್ಮ ಮತ ಎಂಬ ಲೆಕ್ಕಾಚಾರ ಅಲ್ಲಿ ನಡೆಯಿತು. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಬೇಡಿರೆಂದು ಮನವಿ ಸಲ್ಲಿಸಿದರೂ, 1930ರ ಜೂನ್ 17ರಂದು ಹೂವರ್ ಅವರು ಸ್ಮೂಟ್–ಹಾಲಿ ಸುಂಕ ಕಾಯಿದೆಗೆ ಅಂಕಿತ ಹಾಕಿದರು.

ಅದರ ಫಲವನ್ನು ಕೋಳಿಮೊಟ್ಟೆಯ ವ್ಯಾಪಾರದಲ್ಲಿ ಕಾಣಬಹುದು. ಡಜನ್ ಮೊಟ್ಟೆಯ ಮೇಲಿನ ಸುಂಕವನ್ನು ಅಮೆರಿಕ 8 ಸೆಂಟಿನಿಂದ 10 ಸೆಂಟಿಗೆ ಏರಿಸಿತು. ಪ್ರತಿಯಾಗಿ ಕೆನಡಾ ತನ್ನ ಸುಂಕವನ್ನು 3 ಸೆಂಟಿನಿಂದ 10 ಸೆಂಟಿಗೆ ಒಯ್ದಿತು. ಕೆನಡಾದಿಂದ ಅಮೆರಿಕಕ್ಕೆ ಬರುತ್ತಿದ್ದ ಮೊಟ್ಟೆಗಿಂತ ಅಮೆರಿಕದಿಂದ ಅಲ್ಲಿಗೆ ಹೋಗುತ್ತಿದ್ದ ಮೊಟ್ಟೆಯೇ ಬಹಳ ಹೆಚ್ಚು. ಆ ರಫ್ತು ಕೆಲವೇ ವರ್ಷಗಳಲ್ಲಿ ಬಹುತೇಕ ಬತ್ತಿಹೋಯಿತು. ಯಾರ ರಕ್ಷಣೆಗೆಂದು ಕಾಯಿದೆ ಬಂತೋ ಅವರೇ ಮಾರುಕಟ್ಟೆ ಕಳೆದುಕೊಂಡರು. 1932ರಲ್ಲಿ ಒಟ್ಟಾವ ಸಮ್ಮೇಳನದ ಮೂಲಕ ಬ್ರಿಟಿಷ್ ಸಾಮ್ರಾಜ್ಯವೂ ತನ್ನ ಸುತ್ತ ಬೇಲಿ ಕಟ್ಟಿಕೊಂಡಿತು. ಅಂದಿನ ಪರಾಧೀನ ಭಾರತವೂ ಅದರೊಳಗೆ ಸೇರಿತು. 1929ರ ಆರ್ಥಿಕ ಕುಸಿತಕ್ಕೆ ಈ ಕಾಯಿದೆ ಕಾರಣವಲ್ಲ, ಅದು ಬಂದದ್ದೇ ಆನಂತರ. ಆದರೆ ಚೇತರಿಕೆಯ ದಾರಿಯನ್ನು ಅದು ಮತ್ತಷ್ಟು ದುರ್ಗಮಗೊಳಿಸಿತು. 1934ರಲ್ಲಿ ಅಮೆರಿಕವೇ ಪರಸ್ಪರ ಒಪ್ಪಂದಗಳ ಮೂಲಕ ಸುಂಕ ಇಳಿಸುವ ಕಾಯಿದೆ ತರಬೇಕಾಯಿತು. 1947ರಲ್ಲಿ ಭಾರತವೂ ಸೇರಿ 23 ದೇಶಗಳು ಗ್ಯಾಟ್ ಒಪ್ಪಂದಕ್ಕೆ ಬಂದುದರ ಹಿಂದೆ ಈ ಕಹಿ ಅನುಭವವಿತ್ತು.

ಇದು ದೂರದ ದೇಶದ ಮಾತಾಯಿತು. ನಮ್ಮ ರಾಜ್ಯದ ರೇಷ್ಮೆಯನ್ನೇ ತೆಗೆದುಕೊಳ್ಳೋಣ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಬೆಳೆಗಾರನ ಸಂಕಟ ಸುಳ್ಳಲ್ಲ. ಒಂದೇ ಏಟಿಗೆ ಆಸರೆ ಕಿತ್ತರೆ ಯಾರೂ ತಾಳಲಾರರು. ಆದರೆ ಅದೇ ಕಚ್ಚಾ ರೇಷ್ಮೆ ಮಗ್ಗದವನಿಗೆ ಮೂಲಸಾಮಗ್ರಿ. ಹಾಸಿಗೆ ಬೇಕಾದ ಏಕರೂಪದ ಗಟ್ಟಿ ನೂಲು ಇಲ್ಲಿ ಸಾಕಷ್ಟು ದೊರೆಯದಿದ್ದಾಗ ಅವನು ಚೀನಾದ ನೂಲನ್ನೇ ಆಶ್ರಯಿಸಿದನು. ಸುಂಕ ಏರಿದಾಗ ಅದರ ಹೊರೆ ಬಿದ್ದದ್ದು ಅವನ ಮೇಲೆ. ನೂಲಿನ ಗುಣಮಟ್ಟ ಸುಧಾರಿಸುವುದು ಸುಂಕದಿಂದಲ್ಲ, ದ್ವಿತಳಿ ಗೂಡು ಮತ್ತು ಉತ್ತಮ ರೀಲಿಂಗ್ ಯಂತ್ರಗಳಿಂದ.

ಉಕ್ಕಿನ ಸಂಗತಿಯೂ ಬೇರೆಯಲ್ಲ. ಉಕ್ಕನ್ನು ತಯಾರಿಸುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಅದನ್ನು ಕೊಂಡು ಬೋಲ್ಟು, ಪಂಪು, ಯಂತ್ರಭಾಗ ಮಾಡುವ ಸಣ್ಣ ಘಟಕಗಳು ಅಸಂಖ್ಯ. ದೊಡ್ಡವರ ದನಿ ದೆಹಲಿಗೆ ಬೇಗ ಮುಟ್ಟುತ್ತದೆ. ಸಣ್ಣವನ ದನಿ ಮುಟ್ಟುವಷ್ಟರಲ್ಲಿ ಅಧಿಸೂಚನೆ ಹೊರಬಿದ್ದಿರುತ್ತದೆ. ಹೀಗಾದಾಗ ರಕ್ಷಣೆಯೆಂಬುದು ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹಾಗೆಂದು ಎಲ್ಲ ಬಾಗಿಲುಗಳನ್ನೂ ಹಾರುಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ವೆಚ್ಚಕ್ಕಿಂತ ಅಗ್ಗವಾಗಿ ಸರಕು ಸುರಿಯುವವರ ವಿರುದ್ಧ ಕ್ರಮ ಕೈಗೊಳ್ಳಲು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಲ್ಲೇ ಅವಕಾಶವಿದೆ. ಆದರೆ ನಮ್ಮ ವಾಣಿಜ್ಯ ಸಂಸ್ಥೆಗಳು ಸುಂಕ ಏರಿಕೆಗೆ ಮನವಿ ಸಲ್ಲಿಸುವ ಮುನ್ನ ಮೂರು ಪ್ರಶ್ನೆಗಳನ್ನು ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು. ಈ ಸರಕನ್ನು ಮೂಲಸಾಮಗ್ರಿಯಾಗಿ ಬಳಸುವ ನಮ್ಮದೇ ಸದಸ್ಯರು ಯಾರು? ಈ ರಕ್ಷಣೆ ಎಂದಿಗೆ ಕೊನೆಗೊಳ್ಳಬೇಕು? ಅಷ್ಟರೊಳಗೆ ಉದ್ದಿಮೆಯಲ್ಲಿ ಆಗಬೇಕಾದ ಸುಧಾರಣೆ ಏನು? ಈ ಮೂರಕ್ಕೂ ಉತ್ತರವಿರುವ ಮನವಿಗೆ ಬೆಂಬಲ ಕೊಡೋಣ. ಉತ್ತರವಿಲ್ಲದ ಮನವಿಯನ್ನು, ಅದು ಎಷ್ಟೇ ಪ್ರಭಾವಿ ಸದಸ್ಯರದ್ದಾಗಿರಲಿ, ಹಿಂದಿರುಗಿಸುವ ಧೈರ್ಯ ತೋರೋಣ. ಆಗ ಮಾತ್ರ ಪರದೇಶದ ಸುಂಕವನ್ನು ಪ್ರಶ್ನಿಸುವ ನಮ್ಮ ಮಾತಿಗೆ ತೂಕ ಬಂದೀತು.